ತೂಗುಗುಂಡು

ಎಪ್ಪತ್ತೊಂದರ ಡೂಗಲ್ಡ್‌ನ ಬೆನ್ನುಚೀಲದಲ್ಲಿ
ಬ್ರೆಡ್ಡು, ಚೀಸು, ಒಂದು ಫ್ಲಾಸ್ಕ್ ಚಹಾ,
ಮತ್ತೆ, ಹಳೇ ಕಾಲುಚೀಲದೊಳಗೆ ಸುತ್ತಿಟ್ಟ
ಹಿತ್ತಾಳೆಯ ತೂಗುಗುಂಡು.
ಅದೊಂದು ಭಾರ ಯಾಕೆ ಹೊರುತ್ತೀ ಅಂದೆ.
ಲೆಕ್ಕ ಬಾಕಿ ಇದೆ ಅಂದ, ಕಾರಿನ ಬಾಗಿಲು ಹಾಕುತ್ತ.

ಲೆಕ್ಕ ಇಷ್ಟೇ:
ಇನ್ನೂರೈವತ್ತು ವರ್ಷದ ಹಿಂದೆ ಈ ಶೀಹ್ಯಾಲಿಯನ್ ಬೆಟ್ಟದ
ಆ ಮಗ್ಗುಲಲ್ಲೊಮ್ಮೆ, ಈ ಮಗ್ಗುಲಲ್ಲೊಮ್ಮೆ ಗುಡಿಸಲು ಹೂಡಿ
ಚಿಕ್ಕೆ ಎಣಿಸುವವರು ಕೂತಿದ್ದರಂತೆ, ಮಳೆಯಲ್ಲಿ, ತಿಂಗಳುಗಟ್ಟಲೆ.
ಬೆಟ್ಟ ತನ್ನ ಭಾರದಿಂದಲೇ ಗುಂಡಿನ ದಾರವನ್ನು
ತನ್ನತ್ತ ಎಳೆದುಕೊಳ್ಳುತ್ತದಂತೆ,
ಎರಡಾಳುದ್ದದ ದಾರಕ್ಕೆ ಒಂದು ಕೂದಲೆಳೆ.
ಆ ಎಳೆ ಹಿಡಿದು ಇಡೀ ಭೂಮಿಯನ್ನೇ ತೂಗಿದರಂತೆ.

ನಲವತ್ತೆಂಟು ವರ್ಷ ಗೋಡೆ ಎಬ್ಬಿಸಿದವನು ಡೂಗಲ್ಡ್.
ದಾರ ಸುಳ್ಳು ಹೇಳುತ್ತೆ ಅನ್ನುವವನ ಕೈಲಿ
ಒಂದು ಚಿಮಣಿ ಕಟ್ಟಿಸಿ ನೋಡು, ಅಂತಿದ್ದ.
ನಾನು ಹದಿನೇಳರಿಂದ ಅವನಿಗೆ ಗಾರೆ ಕಲಸಿಕೊಟ್ಟವಳು,
ಹೂಂ ಅಂತಿದ್ದೆ.

ಮೇ ತಿಂಗಳು. ಜರಿಗಿಡ ಇನ್ನೂ ಮುಷ್ಟಿ ಬಿಚ್ಚಿರಲಿಲ್ಲ.
ದಾರಿಗೆ ಹಾಸಿದ ಪ್ರತಿ ಕಲ್ಲನ್ನೂ ಮೆಟ್ಟಿ ಪರೀಕ್ಷಿಸುತ್ತ ಹತ್ತಿದ.
ಒಂದು ಕಲ್ಲಿನ ಮೇಲೆ ನಿಂತು, ಸುಮ್ಮನೆ:
ಇದನ್ನಿಟ್ಟವನಿಗೆ ಕೈ ಇದೆ.
ಅವನ ಬಾಯಲ್ಲಿ ನನಗೆ ಆ ಮಾತು ಸಿಗಲು ಒಂಬತ್ತು ವರ್ಷ ಹಿಡಿದಿತ್ತು.

ದೂರಕ್ಕೆ ಅಷ್ಟು ನುಣ್ಣಗಿದ್ದ ಬೆಟ್ಟ
ಹತ್ತಿರಾದಂತೆ ಹಲ್ಲು ತೋರಿಸಿತು.
ಮಣ್ಣು ಮುಗಿಯಿತು, ದಾರಿಯೂ ಮುಗಿಯಿತು;
ಬರೀ ಬೂದುಬಿಳಿ ಬಂಡೆ, ಬಂಡೆಯ ಮೇಲೆ ಅಲುಗುವ ಬಂಡೆ.
ಇದೇ ತುದಿ ಅಂದುಕೊಂಡ ತುದಿಯ ಬೆನ್ನಿಗೆ
ಇನ್ನೊಂದು ತುದಿ, ಅದರ ಬೆನ್ನಿಗೆ ಮೋಡ.
ನಾಯಿಯ ಜೊತೆ ಇಳಿದು ಬಂದ ಪರ್ತ್ ಊರಿನ ದಂಪತಿ
ಇನ್ನು ಹತ್ತೇ ನಿಮಿಷ ಅಂದರು.
ಇಳಿಯುವವರೆಲ್ಲ ಹೇಳುವ ಸುಳ್ಳು ಅದು, ಪುಣ್ಯದ ಸುಳ್ಳು.
ಮುಕ್ಕಾಲು ಗಂಟೆ ಆಯಿತು.
ಅರ್ಧ ಹಿಮ ಅರ್ಧ ಕಲ್ಲಿನ ಬಣ್ಣದ ಒಂದು ಟಾರ್ಮಿಗನ್ ಹಕ್ಕಿ
ನಮ್ಮ ಕಾಲ ಬುಡದಿಂದಲೇ ನಡೆದುಹೋಯಿತು, ಹಾರದೆ,
ಬಾಡಿಗೆ ಕಟ್ಟದವರನ್ನು ನೋಡುವಂತೆ ನೋಡಿ.

ತುದಿಯಲ್ಲಿ ಏನಿತ್ತು? ಗಾಳಿ.
ಗುಂಡು ಇಳಿಬಿಟ್ಟ; ಅದು ಕುಣಿಯಿತು, ಸುತ್ತಿತು,
ಬಂಡೆಗೆ ಬಡಿದು ಠಣ್ ಅಂತು.
ಬಾಯಿ ಬಿಟ್ಟರೆ ಬ್ರೆಡ್ಡಿನೊಳಗೆ ಮೋಡ.
ಒಂದೇ ಗಳಿಗೆ ಹರಿಯಿತು ಆ ಬಿಳುಪು:
ಕೆಳಗೆ ರಾನಕ್ ಸರೋವರ, ತಗಡಿನಂತೆ;
ಅದರ ತುದಿಗೆ ಕಿನ್‌ಲಾಕ್, ನಾವು ಗೋಡೆಯಿಟ್ಟ ಊರು,
ಅಂಗೈಯಲ್ಲಿ ಹಿಡಿಯುವಷ್ಟು.
ತೋರಿಸಲು ಬೆರಳೆತ್ತುವಷ್ಟರಲ್ಲಿ ಮುಚ್ಚಿಕೊಂಡಿತು.

ಇಳಿಯುವಾಗ, ಕುರಿದೊಡ್ಡಿಯ ಮೋಟುಗೋಡೆಯ ಮರೆಗೆ
ಗಾಳಿ ನಿಂತಿತ್ತು.
ಡೂಗಲ್ಡ್ ಮೊಣಕಾಲೂರಿ ದಾರ ಹಿಡಿದ.
ಗುಂಡು ಸಣ್ಣಗೆ ತೂಗಿ, ಇನ್ನೂ ಸಣ್ಣಗೆ, ನಿಂತಿತು.
ನೆಟ್ಟಗಿದೆ ಅಂದ.
ಬಹಳ ಹೊತ್ತು ಬಿಟ್ಟು, ನನ್ನನ್ನಲ್ಲ, ದಾರವನ್ನು ಕೇಳಿದ:
ಯಾವುದಕ್ಕೆ ನೆಟ್ಟಗೆ?

ಇದು ವಾಲಿದೆ ಅನ್ನಲು ವಾಲದ ಇನ್ನೊಂದು ಬೇಕು.
ಅವರಿಗೆ ಚಿಕ್ಕೆಗಳಿದ್ದವು.
ನಮಗೆ ಇದ್ದದ್ದು ಇದೊಂದೇ.

ಹಾಗಾದರೆ ನಾನು ಕಟ್ಟಿದ್ದೆಲ್ಲ, ಅಂದ.
ಶಾಲೆಯ ಗೋಡೆ, ಮೆಂಜೀಸರ ಕೊಟ್ಟಿಗೆ,
ಇಸೊಬೆಲ್ ಅಡುಗೆಮನೆಯ ಚಿಮಣಿ,
ಎಲ್ಲವೂ ಒಂದಿಷ್ಟು ಇತ್ತ,
ಕೂದಲೆಳೆಯೂ ಅಲ್ಲ, ಅದರ ಸೀಳಿನಷ್ಟು,
ಈ ಮುದಿಯನ ಕಡೆಗೆ.
ಬೆಟ್ಟವನ್ನು ಅಂದನೋ, ತನ್ನನ್ನೋ.
ದಾರ ಸುತ್ತುವಾಗ ಎಂದೂ ಸಿಕ್ಕಾಗದ ಕೈಗೆ ಅವತ್ತು ಸಿಕ್ಕಾಯಿತು;
ನಾನು ಬಿಡಿಸಿಕೊಡಲು ಹೋಗಲಿಲ್ಲ.

ಕಾರಿನ ಹತ್ತಿರ ಬೂಟು ಕಳಚಿ ಕೊಡವಿದೆ.
ಎಡಗಾಲಿನದರಿಂದ ಒಂದು ಬಿಳಿ ಕಲ್ಲು, ಹುರುಳಿಯಷ್ಟು.
ಕಿಸೆಗೆ ಹಾಕಿಕೊಳ್ಳುವವಳಿದ್ದೆ.

ಅಲ್ಲೇ ಬಿಡು, ಅಂದ, ನಗದೆ.
ತೂಕ ಕಡಿಮೆಯಾದೀತು.